ಊರಿಗೊಂದು ಬೆಲೆ, ಊರಿಗೊಂದು ಬೀಗ



ಮೊಬೈಲಿನಲ್ಲಿ ಹಾಡು ಕೇಳುವುದಕ್ಕೆ, ಸಿನಿಮಾ ನೋಡುವುದಕ್ಕೆ, ಇ-ಪುಸ್ತಕ ಓದುವುದಕ್ಕೆ ನಾವು ಎಷ್ಟು ಹಣ ತೆರಬೇಕೆಂಬುದು ನಾವು ಯಾವ ದೇಶದಲ್ಲಿ ಕೂತಿದ್ದೇವೆ ಎಂಬುದರ ಮೇಲೆ ತೀರ್ಮಾನವಾಗುತ್ತದೆ. ಯೂಟ್ಯೂಬ್ ಪ್ರೀಮಿಯಂ 2019ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ ತಿಂಗಳಿಗೆ 129 ರೂಪಾಯಿ ಇತ್ತು. 2024ರ ಆಗಸ್ಟ್‌ನಲ್ಲಿ 149 ಆಯಿತು. ಅದೇ ಹೊತ್ತಿಗೆ ಅಮೆರಿಕದವರು ಅದೇ ಸೇವೆಗೆ ಕೊಡುತ್ತಿದ್ದದ್ದು 13.99 ಡಾಲರ್, ಆಗಿನ ವಿನಿಮಯ ದರದಲ್ಲಿ 1,170 ರೂಪಾಯಿಯ ಆಸುಪಾಸು. ಒಂದೇ ಸರಕಿಗೆ ಹತ್ತಿರಹತ್ತಿರ ಎಂಟು ಪಟ್ಟು ವ್ಯತ್ಯಾಸ. ಇದು ಒಂದು ಮುಖ. ಇನ್ನೊಂದು ಮುಖವೂ ಇದೆ: ಕೇಳಿದಷ್ಟು ಕೊಡುತ್ತೇನೆಂದರೂ ಸರಕನ್ನು ಮಾರದೆ, ‘ನಿಮ್ಮ ಪ್ರದೇಶದಲ್ಲಿ ಇದು ಲಭ್ಯವಿಲ್ಲ’ ಎಂದು ಹೇಳಿ ಕಳಿಸುವುದು. ಈ ಎರಡನ್ನೂ ಸಾಮಾನ್ಯವಾಗಿ ಒಂದೇ ಗಂಟಿನಲ್ಲಿ ಕಟ್ಟಿ ಚರ್ಚಿಸುತ್ತಾರೆ. ಎರಡೂ ಅನ್ಯಾಯ ಎನ್ನುವವರಿದ್ದಾರೆ, ಎರಡೂ ವ್ಯಾಪಾರಿಯ ಸಹಜ ಹಕ್ಕು ಎನ್ನುವವರೂ ಇದ್ದಾರೆ. ಅವೆರಡನ್ನೂ ಬಿಡಿಸಿ ನೋಡಬೇಕೆಂಬುದು ನನ್ನ ವಾದ. ಜನರ ಆದಾಯ ನೋಡಿ ದೇಶಕ್ಕೊಂದು ಬೆಲೆ ಇಡುವುದು ನ್ಯಾಯವಾದದ್ದೇ. ಅದರಿಂದ ನಮಗಾಗಿರುವ ಉಪಕಾರ ದೊಡ್ಡದು. ಗಡಿಯ ಹೆಸರು ಹೇಳಿ ಮಾರಾಟವನ್ನೇ ನಿರಾಕರಿಸುವುದಕ್ಕೂ, ಮಾರಿದ ಮೇಲೆ ಕೊಂಡವರ ಬೆನ್ನು ಹತ್ತಿ ಹೋಗಿ ಕಿತ್ತುಕೊಳ್ಳುವುದಕ್ಕೂ ಆ ನ್ಯಾಯ ಸಲ್ಲುವುದಿಲ್ಲ. ಇಂಥ ನಿರಾಕರಣೆಯ ಪೆಟ್ಟು ಹೆಚ್ಚಾಗಿ ಬೀಳುವುದು ಕನ್ನಡದಂಥ ಭಾಷೆಗಳ ಮೇಲೆ.

ನಾವು ಸೇರಿರುವ, ಬೆಂಗಳೂರಿನ ಸರ್ವಜ್ಞನಗರದ ಈ ಭಾಗಕ್ಕೆ ಗಡಿಯ ಅನುಭವ ಹಳೆಯದು. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ನೆಲೆಯಾದ ಮೇಲೆ ಬೆಂಗಳೂರು ಪೇಟೆ, ದಂಡು ಎಂದು ಎರಡಾಯಿತು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡು ಪ್ರದೇಶ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. 1947ರಲ್ಲಿ ಅದು ಮೈಸೂರಿಗೆ ಮರಳಿತು. ಪೇಟೆಯ ಮತ್ತು ದಂಡಿನ ಪುರಸಭೆಗಳು ಕೂಡಿ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ಅಲ್ಲಿಯವರೆಗೆ ಕಬ್ಬನ್ ಪಾರ್ಕಿನ ಆಚೆಗೊಂದು ಆಡಳಿತ, ಈಚೆಗೊಂದು ಆಡಳಿತ. ಆದರೂ ದಂಡಿನ ಅಂಗಡಿಯಲ್ಲಿ ಕೊಂಡ ಪುಸ್ತಕ ಪೇಟೆಗೆ ಬಂದೊಡನೆ ಖಾಲಿ ಹಾಳೆಯಾಗುತ್ತಿರಲಿಲ್ಲ. ಪುಸ್ತಕಗಳಿಗೂ ಗಡಿ ಇತ್ತು, ಆದರೆ ಅದು ಕೊಂಡವರ ಕೈ ಹಿಡಿಯುತ್ತಿರಲಿಲ್ಲ, ಪ್ರಕಾಶಕರ ಒಳಒಪ್ಪಂದಗಳಲ್ಲಿತ್ತು. 1947ರಲ್ಲಿ ಬ್ರಿಟಿಷ್ ಪ್ರಕಾಶಕರು ತಮ್ಮೊಳಗೆ ಮಾಡಿಕೊಂಡ ‘ಸಾಂಪ್ರದಾಯಿಕ ಮಾರುಕಟ್ಟೆ’ ಒಪ್ಪಂದದ ಪ್ರಕಾರ, ಅಮೆರಿಕದ ಪುಸ್ತಕವೊಂದರ ಹಕ್ಕು ಕೊಳ್ಳುವಾಗ ಬ್ರಿಟನ್ನಿನ ಹಿಂದಿನ ಸಾಮ್ರಾಜ್ಯದ ನಾಡುಗಳೆಲ್ಲ ತಮಗೇ ಸೇರಬೇಕೆಂದು ಅವರು ಪಟ್ಟು ಹಿಡಿಯುತ್ತಿದ್ದರು. ಸ್ವತಂತ್ರ ಭಾರತದ ಓದುಗ ಅಮೆರಿಕದ ಲೇಖಕರನ್ನು ಲಂಡನ್ನಿನ ಮೂಲಕ ಓದಬೇಕಾಯಿತು. ಅಮೆರಿಕದ ಸರ್ಕಾರ ಏಕಸ್ವಾಮ್ಯ ವಿರೋಧಿ ಕಾನೂನಿನಡಿ ಮೊಕದ್ದಮೆ ಹೂಡಿದ ಮೇಲೆ, 1976ರಲ್ಲಿ, ಆ ವ್ಯವಸ್ಥೆ ಮುರಿಯಿತು. ಸಾಮ್ರಾಜ್ಯ ಹೋಗಿ ಇಪ್ಪತ್ತೊಂಬತ್ತು ವರ್ಷಗಳ ಮೇಲೂ ಅದರ ನಕ್ಷೆ ನಮ್ಮ ಪುಸ್ತಕದಂಗಡಿಗಳಲ್ಲಿ ಉಳಿದಿತ್ತು ಎಂಬುದನ್ನು ಗಮನಿಸಬೇಕು. ಮಾರಾಟದ ಗಡಿಗಳನ್ನು ಎಳೆಯುವವರು ಅವನ್ನು ತಾವಾಗಿ ಅಳಿಸುವುದಿಲ್ಲ.

ಅದೇ ಕಾಲದಲ್ಲಿ ದೇಶಕ್ಕೊಂದು ಬೆಲೆ ಎಂಬ ಪದ್ಧತಿಯ ಒಳ್ಳೆಯ ಮುಖವನ್ನೂ ನಾವು ಕಂಡೆವು. ಬ್ರಿಟಿಷ್ ಸರ್ಕಾರದ ಸಹಾಯಧನದಲ್ಲಿ ಇಎಲ್‌ಬಿಎಸ್ ಮಾಲೆಯ ಪಠ್ಯಪುಸ್ತಕಗಳು ಬಂದವು. ಪ್ರೆಂಟಿಸ್ ಹಾಲ್‌ನ ‘ಈಸ್ಟರ್ನ್ ಎಕಾನಮಿ ಎಡಿಷನ್’ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಸೇರಿತು. 1960ರಲ್ಲಿ ಶುರುವಾದ ನವಕರ್ನಾಟಕ ಪ್ರಕಾಶನ ಸೋವಿಯತ್ ಒಕ್ಕೂಟದ ಮೀರ್, ಪ್ರಗತಿ, ರಾದುಗ ಪ್ರಕಟಣೆಗಳನ್ನು ಕರ್ನಾಟಕದ ಊರೂರಿಗೆ ಒಯ್ದು ಮಾರಿತು. ರಟ್ಟಿನ ಹೊದಿಕೆಯ, ಗಟ್ಟಿ ಹೊಲಿಗೆಯ ಆ ಪುಸ್ತಕಗಳ ಬೆಲೆ ಕಾಗದದ ಖರ್ಚಿಗೂ ಸಾಲದಂತಿತ್ತು. ಅವುಗಳಲ್ಲೊಂದಾದ, ಇರೊದೋವ್ ಅವರ ಭೌತಶಾಸ್ತ್ರ ಪುಸ್ತಕದ ಸಮಸ್ಯೆಗಳನ್ನು ಬಿಡಿಸಿ ಎಂಜಿನಿಯರ್ ಆದವರು ಈ ಊರಿನ ಕಾರ್ಖಾನೆಗಳಲ್ಲಿ, ಪ್ರಯೋಗಾಲಯಗಳಲ್ಲಿ ಎಷ್ಟೋ ಮಂದಿ. ಆ ಬೆಲೆಗಳ ಹಿಂದೆ ರಾಜಕೀಯ ಉದ್ದೇಶವಿತ್ತು, ಮಾರುಕಟ್ಟೆ ಹಿಡಿಯುವ ಲೆಕ್ಕವೂ ಇತ್ತು. ಇರಲಿ. ಲಂಡನ್ ಅಥವಾ ನ್ಯೂಯಾರ್ಕಿನ ಬೆಲೆಯನ್ನೇ ಇಲ್ಲಿಯೂ ಕೇಳಿದ್ದರೆ ದೂರವಾಣಿನಗರದ ಐಟಿಐ ಕಾರ್ಖಾನೆಯ ಕಾರ್ಮಿಕರ ಮಕ್ಕಳು ಆ ಪುಸ್ತಕಗಳನ್ನು ಮುಟ್ಟುವಂತಿರಲಿಲ್ಲ. ದೇಶಕ್ಕೊಂದು ಬೆಲೆ ಎಂಬುದನ್ನು ತತ್ತ್ವದಲ್ಲೇ ಅನ್ಯಾಯ ಎನ್ನುವವರು ಈ ಅರ್ಧ ಶತಮಾನದ ಸಾಕ್ಷ್ಯವನ್ನು ಮೊದಲು ಎದುರಿಸಬೇಕು.

ಆ ಅಗ್ಗದ ಪ್ರತಿಗಳ ಮೇಲೆ ‘ಭಾರತ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾಗಳಲ್ಲಿ ಮಾತ್ರ ಮಾರಾಟಕ್ಕೆ’ ಎಂಬಂಥ ಒಕ್ಕಣೆ ಇರುತ್ತಿತ್ತು, ಈಗಲೂ ಇರುತ್ತದೆ. ಆ ಒಕ್ಕಣೆಗೆ ಕಾನೂನಿನ ಬಲ ಎಷ್ಟು ಎಂಬ ಪ್ರಶ್ನೆ ಎರಡು ದೇಶಗಳ ನ್ಯಾಯಾಲಯಗಳ ಮುಂದೆ ಬಂತು. 2010ರಲ್ಲಿ ದೆಹಲಿ ಹೈಕೋರ್ಟು, ಜಾನ್ ವೈಲಿ ಪ್ರಕಾಶನ ಹೂಡಿದ ದಾವೆಯಲ್ಲಿ, ಇಲ್ಲಿನ ಅಗ್ಗದ ಪ್ರತಿಗಳನ್ನು ಹೊರದೇಶಗಳಿಗೆ ಮಾರುವುದು ಹಕ್ಕುಸ್ವಾಮ್ಯದ ಉಲ್ಲಂಘನೆ ಎಂದಿತು. ಅದೇ ಪ್ರಕಾಶನಕ್ಕೆ ಎದುರಾಗಿ 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕಿರ್ಟ್‌ಸೇಂಗ್ ಪ್ರಕರಣದಲ್ಲಿ, ಬೇರೆಯದೇ ತೀರ್ಪು ಕೊಟ್ಟಿತು. ಥಾಯ್ಲೆಂಡಿನ ವಿದ್ಯಾರ್ಥಿಯೊಬ್ಬ ತನ್ನ ದೇಶದಲ್ಲಿ ಅಗ್ಗವಾಗಿ ಸಿಗುವ ಪಠ್ಯಪುಸ್ತಕಗಳನ್ನು ತರಿಸಿ ಅಮೆರಿಕದಲ್ಲಿ ಮಾರಿದ್ದ. ನ್ಯಾಯಬದ್ಧವಾಗಿ ಅಚ್ಚಾದ ಪ್ರತಿ ಒಮ್ಮೆ ಮಾರಾಟವಾದ ಮೇಲೆ ಅದರ ಮುಂದಿನ ಪಯಣವನ್ನು ಪ್ರಕಾಶಕ ತಡೆಯಲಾರ ಎಂದು ಆರು ನ್ಯಾಯಮೂರ್ತಿಗಳು, ಮೂವರ ವಿರೋಧದ ನಡುವೆ, ತೀರ್ಮಾನಿಸಿದರು. ಭಾರತ ಸರ್ಕಾರ 2010ರ ಹಕ್ಕುಸ್ವಾಮ್ಯ ತಿದ್ದುಪಡಿ ಮಸೂದೆಯಲ್ಲಿ ಹೊರಗಿನ ಪ್ರತಿಗಳ ಆಮದಿಗೆ ದಾರಿ ತೆರೆಯುವ ಒಂದು ವಾಕ್ಯವನ್ನು ಸೇರಿಸಿತ್ತು. 2012ರಲ್ಲಿ ಕಾಯ್ದೆ ಅಂಗೀಕಾರವಾದಾಗ ಅದು ಮಾಯವಾಗಿತ್ತು. ವಾದ ಹೇಗೇ ಇರಲಿ, ಈ ಎಲ್ಲ ಜಗಳ ನಡೆದದ್ದು ವ್ಯಾಪಾರಕ್ಕಾಗಿ ಸಾಗಿಸುವವರ ಮೇಲೆ. ಓದಲೆಂದು ಕೊಂಡವರನ್ನು ಯಾರೂ ಕೇಳಲಿಲ್ಲ. ಅಮೆರಿಕಕ್ಕೆ ಓದಲು ಹೊರಟ ವಿದ್ಯಾರ್ಥಿ ತನ್ನ ಪೆಟ್ಟಿಗೆಯಲ್ಲಿ ಅಗ್ಗದ ಪ್ರತಿಗಳನ್ನು ತುಂಬಿಕೊಂಡು ವಿಮಾನ ಹತ್ತಿದ, ಓದಿ ಮುಗಿಸಿ ಕಿರಿಯರಿಗೆ ಕೊಟ್ಟ.

ಡಿಜಿಟಲ್ ಸರಕು ಬಂದಮೇಲೆ ಬದಲಾದದ್ದು ಕೊಂಡವರಿಗಿದ್ದ ಈ ಸ್ವಾತಂತ್ರ್ಯವೇ. ಡಿವಿಡಿಗಳ ಕಾಲದಲ್ಲಿ ಜಗತ್ತನ್ನು ವಲಯಗಳಾಗಿ ಹಂಚಿದ್ದರು. ಅಮೆರಿಕ ಮೊದಲನೆಯ ವಲಯ, ಭಾರತ ಐದನೆಯದು, ಒಂದರ ತಟ್ಟೆ ಇನ್ನೊಂದರ ಯಂತ್ರದಲ್ಲಿ ಓಡಬಾರದು. ಶಿವಾಜಿನಗರದ ಯಾವ ರಿಪೇರಿ ಅಂಗಡಿಗೂ ಆ ಬೀಗ ತೆಗೆಯುವುದು ಕಷ್ಟದ ಕೆಲಸವಾಗಿರಲಿಲ್ಲ. ಈಗ ತಟ್ಟೆಯೂ ಇಲ್ಲ, ಪ್ರತಿಯೂ ಇಲ್ಲ. ನಾವು ‘ಕೊಳ್ಳಿ’ ಎಂಬ ಗುಂಡಿ ಒತ್ತಿದಾಗ ಕೈಗೆ ಬರುವುದು ಬಳಸುವ ಅನುಮತಿ. ಅದು ಕಂಪನಿಯ ಸರ್ವರಿನಲ್ಲಿ ನಮ್ಮ ಖಾತೆಗೆ ಅಂಟಿಕೊಂಡಿರುತ್ತದೆ, ಖಾತೆ ನಮ್ಮ ಕಾರ್ಡು ಕೊಟ್ಟ ಬ್ಯಾಂಕಿನ ದೇಶಕ್ಕೆ, ಫೋನಿನ ಐಪಿ ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ಹಿಂದೆ ಬಂದರಿನಲ್ಲೋ ನ್ಯಾಯಾಲಯದಲ್ಲೋ ನಿಂತಿದ್ದ ಗಡಿಕಾವಲು ಈಗ ನಮ್ಮ ಜೇಬಿನೊಳಗೇ ನಿಂತಿದೆ. ಹಾಗಾಗಿ ಹಳೆಯ ಪದ್ಧತಿಯಲ್ಲಿ ತಾನಾಗಿ ಸಿಗುತ್ತಿದ್ದ ಸಡಿಲವನ್ನು ಇಂದು ನಿಯಮ ಮಾಡಿಯೇ ಪಡೆಯಬೇಕಾಗಿದೆ.

ಬೆಲೆಯ ನ್ಯಾಯವನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಒಂದು ಸಿನಿಮಾ ಮಾಡಲು ಕೋಟಿಗಟ್ಟಲೆ ಬೇಕು. ಅದನ್ನು ಇನ್ನೊಬ್ಬರಿಗೆ ತೋರಿಸಲು ಹೆಚ್ಚೇನೂ ಬೇಡ. ಇಂಥ ಸರಕಿಗೆ ಎಲ್ಲೆಡೆ ಒಂದೇ ಬೆಲೆ ಇಟ್ಟರೆ ಮಾಡುವವರು ಶ್ರೀಮಂತ ದೇಶದ ಬೆಲೆಯನ್ನೇ ಇಡುತ್ತಾರೆ, ಏಕೆಂದರೆ ಅಲ್ಲಿಂದಲೇ ಹೆಚ್ಚು ಹಣ ಬರುವುದು. ಒಂದು ಡಾಲರಿಗೆ ಬ್ಯಾಂಕು ಎಂಬತ್ತಕ್ಕೂ ಹೆಚ್ಚು ರೂಪಾಯಿ ಕೇಳುತ್ತದೆ. ಆದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸಾಮಾನು ಭಾರತದಲ್ಲಿ ಸುಮಾರು ಇಪ್ಪತ್ತು ರೂಪಾಯಿಗೆ ಸಿಗುತ್ತದೆ ಎಂದು ವಿಶ್ವಬ್ಯಾಂಕಿನ ಕೊಳ್ಳುವ ಶಕ್ತಿಯ ಲೆಕ್ಕ ಹೇಳುತ್ತದೆ. ಡಾಲರ್ ಬೆಲೆಯನ್ನು ಬ್ಯಾಂಕಿನ ದರದಲ್ಲಿ ರೂಪಾಯಿಗೆ ತಿರುಗಿಸಿ ಕೇಳಿದರೆ ಭಾರತದವರಿಗೆ ನಾಲ್ಕು ಪಟ್ಟು ಭಾರ ಹೊರಿಸಿದಂತೆ. ಕಡಿಮೆ ಬೆಲೆ ದಾನವೂ ಅಲ್ಲ. ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲಿ ಭಾರತಕ್ಕೆ ಬಂದು ಐದಾರು ವರ್ಷ ದುಬಾರಿ ಬೆಲೆಯಲ್ಲೇ ಕೂತಿತ್ತು. 2021ರ ಡಿಸೆಂಬರಿನಲ್ಲಿ ಮೊಬೈಲ್ ಚಂದಾವನ್ನು 199ರಿಂದ 149ಕ್ಕೆ, ಮೂಲ ಚಂದಾವನ್ನು 499ರಿಂದ 199ಕ್ಕೆ ಇಳಿಸಿತು. 2022ರಲ್ಲಿ ಭಾರತದಿಂದ ಬಂದ ವರಮಾನ ಶೇ 24ರಷ್ಟು ಬೆಳೆಯಿತೆಂದು, ಹಿಂದಿನ ವರ್ಷ ಅದು ಶೇ 19 ಇತ್ತೆಂದು ಕಂಪನಿಯೇ ಷೇರುದಾರರಿಗೆ ತಿಳಿಸಿತು. ಆಮೇಲೆ ನೂರಕ್ಕೂ ಹೆಚ್ಚು ದೇಶಗಳಲ್ಲಿ ಬೆಲೆ ಇಳಿಸಿತು. ಕೊಳ್ಳುವವರಿಗೂ ಮಾರುವವರಿಗೂ ಲಾಭವಾದ ಈ ವ್ಯವಸ್ಥೆಯನ್ನು ಸಮಾನತೆಯ ಹೆಸರಿನಲ್ಲಿ ಕೆಡವಿದರೆ ನಷ್ಟ ನಮ್ಮದೇ.

ಇದಕ್ಕೆ ಬರುವ ಮೊದಲ ಆಕ್ಷೇಪ ನಮ್ಮ ದೇಶದ್ದೇ ಆದ ಎಂಆರ್‌ಪಿಯ ಸಂಸ್ಕಾರದಿಂದ ಬರುತ್ತದೆ. ರಸೆಲ್ ಮಾರ್ಕೆಟ್ಟಿನಲ್ಲಿ ಕೊಂಡರೂ ವಿಮಾನ ನಿಲ್ದಾಣದಲ್ಲಿ ಕೊಂಡರೂ ಪೊಟ್ಟಣದ ಮೇಲೆ ಅಚ್ಚಾದ ಬೆಲೆಗಿಂತ ಹೆಚ್ಚು ಕೊಡಬೇಕಿಲ್ಲ ಎಂಬುದು ನಮ್ಮ ನ್ಯಾಯಬುದ್ಧಿಯಲ್ಲಿ ಊರಿಹೋಗಿದೆ. ಒಂದೇ ಪೊಟ್ಟಣಕ್ಕೆ ಎರಡು ಎಂಆರ್‌ಪಿ ಹಾಕಕೂಡದೆಂಬ ನಿಯಮ 2018ರ ಜನವರಿ 1ರಿಂದ ಜಾರಿಯಲ್ಲಿದೆ. ಹಾಗಿರುವಾಗ ಒಂದೇ ಆಟಕ್ಕೆ, ಒಂದೇ ಹಾಡಿಗೆ ನಾಲ್ಕು ಬೆಲೆ ಏಕೆ ಎಂಬ ಪ್ರಶ್ನೆ ಸಹಜ. ಆದರೆ ಎಂಆರ್‌ಪಿ ಇರುವುದು ಕೊಳ್ಳುವವರ ಸುಲಿಗೆಯಾಗದಿರಲಿ ಎಂದು. ಕೈಲಾಗದವರಿಗೆ ಅಗ್ಗವಾಗಿ ಕೊಡುವುದನ್ನು ತಡೆಯಲೆಂದಲ್ಲ. ಹಲಸೂರು ಕೆರೆಯ ಪಕ್ಕದಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರವಿದೆ. ಸೈನಿಕರಿಗೂ ಮಾಜಿ ಸೈನಿಕರಿಗೂ ಸೇನೆಯ ಕ್ಯಾಂಟೀನಿನಲ್ಲಿ ಸಾಮಾನು ಹೊರಗಿಗಿಂತ ಅಗ್ಗವಾಗಿ ಸಿಗುತ್ತದೆ. ಅದಕ್ಕೆ ಕಾರ್ಡು ತೋರಿಸಬೇಕು, ತಿಂಗಳಿಗೆ ಮಿತಿ ಇರುತ್ತದೆ, ಹೊರಗಿನವರಿಗೆ ಮಾರುವಂತಿಲ್ಲ. ಕ್ಯಾಂಟೀನಿನ ಬೆಲೆಯನ್ನು ಈ ಭಾಗದಲ್ಲಿ ಯಾರೂ ಅನ್ಯಾಯ ಎನ್ನುವುದಿಲ್ಲ. ಯಾರಿಗೆ ಏಕೆ ಕಡಿಮೆ ಎಂಬುದು ಎಲ್ಲರಿಗೂ ಗೊತ್ತಿದೆ, ನಿಯಮ ಬಹಿರಂಗವಾಗಿದೆ. ಅಲ್ಲಿ ಇನ್ನೊಂದು ವಿಷಯವೂ ಇದೆ: ಕ್ಯಾಂಟೀನಿನಿಂದ ತಂದ ಫ್ರಿಜ್ಜು, ಯೋಧ ವರ್ಗವಾಗಿ ಜಬಲ್‌ಪುರಕ್ಕೆ ಹೋದ ಮಾತ್ರಕ್ಕೆ ಕೆಲಸ ನಿಲ್ಲಿಸುವುದಿಲ್ಲ.

ದೇಶವನ್ನೇ ಅಳತೆಗೋಲು ಮಾಡಿಕೊಳ್ಳುವುದು ಒರಟು ಲೆಕ್ಕ ಎಂಬುದನ್ನು ಒಪ್ಪಲೇಬೇಕು. ಸರ್ವಜ್ಞನಗರ ಕ್ಷೇತ್ರವೊಂದರಲ್ಲೇ, ಕಾಚರಕನಹಳ್ಳಿಯಿಂದ ಲಿಂಗರಾಜಪುರದವರೆಗೆ, ಡಾಲರ್ ಸಂಬಳದ ಎಂಜಿನಿಯರ್ ಇದ್ದಾರೆ, ಎರಡು ಗಲ್ಲಿಯಾಚೆ ಅದೇ ಎಂಜಿನಿಯರ್‌ಗೆ ಊಟ ತಲುಪಿಸುವ ಹುಡುಗನೂ ಇದ್ದಾನೆ. ಇಬ್ಬರಿಗೂ ‘ಭಾರತದ ಬೆಲೆ’ ಒಂದೇ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಎಂಜಿನಿಯರ್ ಜೂಲ್ ದ್ಯುಪ್ವಿ ರೈಲು ಕಂಪನಿಗಳ ಬಗ್ಗೆ ಒಂದು ಮಾತು ಗುರುತಿಸಿದ್ದ: ಮೂರನೆಯ ದರ್ಜೆಯ ಗಾಡಿಗೆ ಛಾವಣಿ ಹಾಕದಿರುವುದು ಛಾವಣಿಯ ಖರ್ಚು ಉಳಿಸಲೆಂದಲ್ಲ, ಎರಡನೆಯ ದರ್ಜೆಗೆ ಹಣ ಕೊಡಬಲ್ಲವರು ಮೂರನೆಯದಕ್ಕೆ ಇಳಿಯದಿರಲಿ ಎಂದು. ಸಣ್ಣ ಪರದೆಯಲ್ಲಿ ಮಾತ್ರ, ಮಸುಕು ಚಿತ್ರದಲ್ಲಿ ಮಾತ್ರ ನೋಡಬಹುದಾದ ಮೊಬೈಲ್ ಚಂದಾ ಅದೇ ಛಾವಣಿಯಿಲ್ಲದ ಗಾಡಿ. ಅದು ನನಗೆ ಹಿಡಿಸುವುದಿಲ್ಲ, ಆದರೂ ಅದಕ್ಕೆ ಬದಲಾಗಿ ಕಂಪನಿಗಳು ಪ್ರತಿಯೊಬ್ಬರ ಸಂಬಳ, ಫೋನಿನ ಮಾಡೆಲ್ಲು, ಕೊಳ್ಳುವ ಅಭ್ಯಾಸ ನೋಡಿ ತಲೆಗೊಂದು ಬೆಲೆ ಇಡುವುದಕ್ಕಿಂತ ಇದೇ ಮೇಲು. ಭಾರತದ 2020ರ ಇ-ವಾಣಿಜ್ಯ ಗ್ರಾಹಕ ಸಂರಕ್ಷಣಾ ನಿಯಮಗಳು ಡಿಜಿಟಲ್ ಸರಕನ್ನೂ ಒಳಗೊಳ್ಳುತ್ತವೆ. ಒಂದೇ ವರ್ಗದ ಗ್ರಾಹಕರ ನಡುವೆ ಭೇದ ಮಾಡಕೂಡದು, ಮನಸೋ ಇಚ್ಛೆ ವರ್ಗೀಕರಿಸಕೂಡದು ಎನ್ನುತ್ತವೆ. ದೇಶವೆಂಬ ವರ್ಗ ಒರಟಾದರೂ ಕಣ್ಣಿಗೆ ಕಾಣುವಂಥದ್ದು. ಗುಟ್ಟಾದ ವರ್ಗೀಕರಣಕ್ಕೆ ಉತ್ತರ ಕೇಳುವುದೂ ಕಷ್ಟ.

ಈಗ ಬೀಗದ, ಅಂದರೆ ಮಾರಾಟವನ್ನೇ ನಿರಾಕರಿಸುವ ವಿಚಾರ. 2016ರ ಡಿಸೆಂಬರಿನಲ್ಲಿ ಅಮೆಜಾನಿನ ಕಿಂಡಲ್ ಭಾರತದ ಐದು ಭಾಷೆಗಳ ಇ-ಪುಸ್ತಕ ಮಾರಾಟ ಶುರು ಮಾಡಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ, ತೆಲುಗು ಇರಲಿಲ್ಲ, ಬಂಗಾಳಿಯೂ ಇರಲಿಲ್ಲ. ಕನ್ನಡಿಗರ ಸಂಖ್ಯೆ ಸಾಲದು ಎಂಬ ಕಾರಣ ಇಲ್ಲಿ ನಿಲ್ಲುವುದಿಲ್ಲ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4.37 ಕೋಟಿ, ಮಲಯಾಳಂನವರು 3.48 ಕೋಟಿ. ಕೊಳ್ಳಲು ಸಿದ್ಧರಿದ್ದವರ ಮುಂದೆ ಬಾಗಿಲು ಹಾಕಿತ್ತು, ಅಷ್ಟೇ. 2020ರಲ್ಲಿ ಮೈಲ್ಯಾಂಗ್‌ನಂಥ ಕನ್ನಡದ್ದೇ ಪ್ರಯತ್ನ ಬಂದು ಇ-ಪುಸ್ತಕ, ಆಡಿಯೊ ಪುಸ್ತಕಗಳ ಅಂಗಡಿ ತೆರೆಯಿತು. ಚಿತ್ರರಂಗದಲ್ಲೂ ಇದೇ ಕಥೆ. ರಕ್ಷಿತ್ ಶೆಟ್ಟಿ ನಿರ್ಮಿಸಿದ, ಸುಮಂತ್ ಭಟ್ ಮತ್ತು ಸಂದೀಪ್ ಪಿ.ಎಸ್. ರೂಪಿಸಿದ ‘ಏಕಂ’ ಸರಣಿಯನ್ನು ದೊಡ್ಡ ಒಟಿಟಿಗಳು ಕೊಳ್ಳಲಿಲ್ಲ. ಕಾದು ಕಾದು 2024ರ ಜುಲೈನಲ್ಲಿ ಅವರು ತಮ್ಮದೇ ಜಾಲತಾಣ ಕಟ್ಟಿ ಅದನ್ನು ನೇರವಾಗಿ ನೋಡುಗರಿಗೆ ಮಾರಿದರು. ಇದೇ ಕನ್ನಡದ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ 2020ರ ಜುಲೈನಲ್ಲಿ, ಚಿತ್ರಮಂದಿರಗಳು ಮುಚ್ಚಿದ್ದಾಗ, ಪ್ರೈಮ್ ವಿಡಿಯೊದಲ್ಲಿ ಇನ್ನೂರಕ್ಕೂ ಹೆಚ್ಚು ದೇಶ-ಪ್ರದೇಶಗಳಲ್ಲಿ ಒಟ್ಟಿಗೆ ತೆರೆಕಂಡಿದ್ದವು. ಮನಸ್ಸಿದ್ದರೆ ಎಲ್ಲ ಬಾಗಿಲೂ ಒಂದೇ ದಿನ ತೆರೆಯುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಬಹುಪಾಲು ಕನ್ನಡ ಚಿತ್ರಗಳಿಗೆ ಆ ಭಾಗ್ಯವಿಲ್ಲ. ಭಾರತದ ಹಕ್ಕು ಒಬ್ಬರಲ್ಲಿ, ಹೊರದೇಶದ ಹಕ್ಕು ಇನ್ನೊಬ್ಬರಲ್ಲಿ, ಟಿವಿಯ ಹಕ್ಕು ಮತ್ತೊಬ್ಬರಲ್ಲಿ. ಕೆಲವು ಸಲ ಹೊರದೇಶದ ಹಕ್ಕನ್ನು ಯಾರೂ ಕೊಂಡಿರುವುದಿಲ್ಲ. ಆಗ ಟೊರಾಂಟೊದ ಕನ್ನಡ ಮನೆ ದುಡ್ಡು ಹಿಡಿದು ನಿಂತಿದ್ದರೂ ಸಿನಿಮಾ ಸಿಗದು. ಟೆಲಿಗ್ರಾಮಿನಲ್ಲಿ ಕದ್ದ ಪ್ರತಿ ಸಿಗುತ್ತದೆ. ಇಂಗ್ಲಿಷ್ ಚಿತ್ರವೊಂದು ಒಂದು ದೇಶದಲ್ಲಿ ಮಾರಾಟವಾಗದಿದ್ದರೆ ಅದರ ಗಳಿಕೆ ಕೂದಲೆಳೆಯಷ್ಟು ಕಡಿಮೆಯಾಗಬಹುದು. ಹೊರನಾಡಿನ ನೋಡುಗರೂ ಸೇರಿದರಷ್ಟೇ ಲೆಕ್ಕ ಸರಿಹೋಗುವ ಕನ್ನಡ ಚಿತ್ರಕ್ಕೆ ಅದು ಬದುಕು-ಸಾವಿನ ಪ್ರಶ್ನೆ.

ಹಕ್ಕನ್ನು ದೇಶವಾರು ಹರಿದು ಮಾರುವುದರಿಂದಲೇ ಸಣ್ಣ ಚಿತ್ರಗಳಿಗೆ ಬಂಡವಾಳ ಹುಟ್ಟುತ್ತದೆ ಎಂಬುದು ಎರಡನೆಯ ಆಕ್ಷೇಪ, ಮತ್ತು ಅದರಲ್ಲಿ ತಿರುಳಿದೆ. ಯುರೋಪಿನ ಒಕ್ಕೂಟ 2018ರ ಡಿಸೆಂಬರ್ 3ರಿಂದ ಜಾರಿಗೆ ತಂದ ಗಡಿತಡೆ ವಿರೋಧಿ ನಿಯಮದಿಂದ ಸಿನಿಮಾ, ಟಿವಿಗಳನ್ನು ಹೊರಗಿಟ್ಟಿತು. ಅಲ್ಲಿನ ಚಿತ್ರ ನಿರ್ಮಾಪಕರೇ ಹಾಗೆ ಕೇಳಿಕೊಂಡಿದ್ದರು. ಒಂದು ದೇಶದ ಹಕ್ಕನ್ನು ಕೊಂಡವರು ಅದನ್ನು ಆ ದೇಶದಲ್ಲಿ ತೋರಿಸುವವರೆಗೆ ಅವರಿಗೆ ರಕ್ಷಣೆ ಇರಲಿ, ನನ್ನ ತಕರಾರಿಲ್ಲ. ಕೊಂಡು ಪೆಟ್ಟಿಗೆಯಲ್ಲಿ ಇಟ್ಟವರ ಹಕ್ಕಿಗೂ, ಯಾರೂ ಕೊಳ್ಳದೆ ಬಿದ್ದಿರುವ ಹಕ್ಕಿಗೂ ಆ ರಕ್ಷಣೆ ಏಕೆ? ನಿಗದಿತ ಕಾಲದೊಳಗೆ ಒಂದು ದೇಶದಲ್ಲಿ ತೋರಿಸದಿದ್ದರೆ ಆ ದೇಶದ ಹಕ್ಕು ನಿರ್ಮಾಪಕರಿಗೆ ಮರಳಬೇಕು ಎಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಅಸಾಧ್ಯವಲ್ಲ. ಟಿವಿ ಕ್ಷೇತ್ರದಲ್ಲಿ ನಮ್ಮ ದೇಶವೇ ಇದಕ್ಕಿಂತ ಮುಂದೆ ಹೋಗಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2004ರಲ್ಲಿ ತಂದ ನಿಯಮದಂತೆ, ವಾಹಿನಿಗಳು ಕೇಳಿದ ವಿತರಕರಿಗೆಲ್ಲ ತಾರತಮ್ಯವಿಲ್ಲದೆ ಸಿಗ್ನಲ್ ಕೊಡಲೇಬೇಕು. ಬೆಲೆ ನಿಗದಿಯ ಬಗ್ಗೆ ಇಪ್ಪತ್ತು ವರ್ಷ ವ್ಯಾಜ್ಯ ನಡೆದರೂ ‘ಕೊಡಲೇಬೇಕು’ ಎಂಬ ಆ ತತ್ತ್ವ ಉಳಿದುಬಂದಿದೆ. ಉಪಗ್ರಹದಿಂದ ಬರುವ ಕನ್ನಡ ವಾಹಿನಿಗೆ ಅನ್ವಯಿಸಿದ್ದು ಅಂತರ್ಜಾಲದಿಂದ ಬರುವ ಕನ್ನಡ ಚಿತ್ರಕ್ಕೆ ಅನ್ವಯಿಸಬಾರದೆನ್ನಲು ನನಗೆ ಕಾರಣ ಕಾಣುವುದಿಲ್ಲ.

ಕೊಂಡ ಮೇಲಿನ ಪಾಡು ಇನ್ನೊಂದು. ಕಮ್ಮನಹಳ್ಳಿ, ಹೆಣ್ಣೂರು, ಬಾಣಸವಾಡಿಗಳಲ್ಲಿ ಆಫ್ರಿಕಾದ ಹಲವು ದೇಶಗಳಿಂದ ಓದಲು ಬಂದವರಿದ್ದಾರೆ, ಇಂದಿರಾನಗರದಿಂದ, ಕೆ.ಆರ್. ಪುರದಿಂದ ಹೊರದೇಶಕ್ಕೆ ಕೆಲಸಕ್ಕೆ ಹೋಗಿ ಬರುವವರಿಗೆ ಲೆಕ್ಕವಿಲ್ಲ. ಬದುಕು ದೇಶ ದಾಟುತ್ತಿದೆ, ಖಾತೆ ದಾಟುವುದಿಲ್ಲ. ಗೂಗಲ್ ಪ್ಲೇಯಲ್ಲಿ ಖಾತೆಯ ದೇಶವನ್ನು ವರ್ಷಕ್ಕೊಮ್ಮೆ ಮಾತ್ರ ಬದಲಿಸಬಹುದು, ಅದಕ್ಕೆ ಹೊಸ ದೇಶದ ಪಾವತಿ ವಿಧಾನ ಬೇಕು, ಹಳೆಯ ದೇಶದ ಖಾತೆಯಲ್ಲುಳಿದ ಹಣ ಹೊಸದರಲ್ಲಿ ನಡೆಯುವುದಿಲ್ಲ. ಕೊಂಡ ಸಿನಿಮಾ, ಕೊಂಡ ಪುಸ್ತಕ ಹೊಸ ದೇಶದಲ್ಲಿ ಕಾಣದೆ ಹೋಗಬಹುದು. ಇದನ್ನು ತಾಂತ್ರಿಕ ಅನಿವಾರ್ಯವೆಂದು ನಂಬಬೇಕಿಲ್ಲ. 2018ರ ಏಪ್ರಿಲ್ 1ರಿಂದ ಯುರೋಪಿನಲ್ಲಿ, ತನ್ನ ದೇಶದಲ್ಲಿ ಚಂದಾ ಕಟ್ಟಿದವರು ಒಕ್ಕೂಟದ ಬೇರೆ ದೇಶಕ್ಕೆ ತಾತ್ಕಾಲಿಕವಾಗಿ ಹೋದಾಗ ಅದೇ ಸಿನಿಮಾ, ಅದೇ ಪಂದ್ಯ, ಅದೇ ಸಂಗೀತ ಹೆಚ್ಚುವರಿ ಶುಲ್ಕವಿಲ್ಲದೆ ಸಿಗಬೇಕೆಂಬ ಕಾನೂನಿದೆ. ಅದರಿಂದ ಯಾವ ಒಟಿಟಿಯೂ ಮುಳುಗಲಿಲ್ಲ. ಬೆಂಗಳೂರಿನದ್ದೇ ಒಂದು ಉದಾಹರಣೆಯಿದೆ: ಫ್ಲಿಪ್‌ಕಾರ್ಟ್ 2015ರ ಕೊನೆಯಲ್ಲಿ ತನ್ನ ಇ-ಪುಸ್ತಕ ವ್ಯಾಪಾರ ನಿಲ್ಲಿಸಿದಾಗ ಕೊಂಡವರ ಪುಸ್ತಕಗಳನ್ನು ಕೋಬೊ ಎಂಬ ವಿದೇಶಿ ಕಂಪನಿಯ ಖಾತೆಗೆ ವರ್ಗಾಯಿಸುವ ವ್ಯವಸ್ಥೆ ಮಾಡಿತು. ಒಂದು ಕಂಪನಿಯಿಂದ ಇನ್ನೊಂದಕ್ಕೆ ದಾಟಿಸಬಹುದಾದ ಪುಸ್ತಕವನ್ನು ಒಂದೇ ಕಂಪನಿಯೊಳಗೆ ಒಂದು ದೇಶದಿಂದ ಇನ್ನೊಂದಕ್ಕೆ ದಾಟಿಸಲಾಗದು ಎನ್ನುವುದನ್ನು ಒಪ್ಪಲಾಗುವುದಿಲ್ಲ.

ಅತ್ಯಂತ ಗಟ್ಟಿಯಾದ ಆಕ್ಷೇಪವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಗಡಿ ಸಡಿಲವಾದರೆ ಶ್ರೀಮಂತ ದೇಶದವರು ಬಡ ದೇಶದ ಬೆಲೆಗೆ ನುಗ್ಗುತ್ತಾರೆ, ಆಗ ಕಂಪನಿ ಬಡ ದೇಶದ ಬೆಲೆಯನ್ನೇ ಏರಿಸುತ್ತದೆ ಎಂಬುದು ಆ ಆಕ್ಷೇಪ. ಇದು ಬರಿಯ ಬೆದರಿಕೆಯಲ್ಲ. ಕಂಪ್ಯೂಟರ್ ಆಟಗಳ ಅಂಗಡಿ ಸ್ಟೀಮ್‌ನಲ್ಲಿ ಅರ್ಜೆಂಟೀನಾ, ಟರ್ಕಿಗಳ ಬೆಲೆ ತೀರ ಕಡಿಮೆಯಿತ್ತು. ಬೇರೆ ದೇಶದವರು ವಿಪಿಎನ್ ಹಾಕಿಕೊಂಡು ಅಲ್ಲಿಯವರಂತೆ ನಟಿಸಿ ಕೊಳ್ಳತೊಡಗಿದರು. ಆ ದೇಶಗಳ ನಾಣ್ಯವೂ ಕುಸಿಯುತ್ತಿತ್ತು. 2023ರ ನವೆಂಬರ್ 20ರಿಂದ ಆ ಎರಡೂ ದೇಶಗಳಲ್ಲಿ ಬೆಲೆ ಡಾಲರಿಗೆ ತಿರುಗಿತು, ಅಲ್ಲಿನ ಹುಡುಗರಿಗೆ ಆಟಗಳು ಒಮ್ಮೆಲೇ ದುಬಾರಿಯಾದವು. ಯೂಟ್ಯೂಬ್ ಕೂಡ 2024ರಲ್ಲಿ ವಿಪಿಎನ್ ಮೂಲಕ ಅಗ್ಗದ ದೇಶದಲ್ಲಿ ಕೊಂಡ ಚಂದಾಗಳನ್ನು ರದ್ದು ಮಾಡತೊಡಗಿತು. ನಾನು ಆ ಕಂಪನಿಗಳ ಪರವೇ ನಿಲ್ಲುತ್ತೇನೆ: ಸುಳ್ಳು ವಿಳಾಸ ಕೊಟ್ಟು ಅಗ್ಗದ ಬೆಲೆ ಪಡೆಯುವುದು, ಆ ಬೆಲೆ ಯಾರಿಗಾಗಿ ಇದೆಯೋ ಅವರ ಪಾಲನ್ನು ಕಬಳಿಸಿದಂತೆ. ಆದರೆ ಈ ಆಕ್ಷೇಪ ತಡೆಯುವುದು ಕೊಳ್ಳುವ ಕ್ಷಣದ ಮೋಸವನ್ನು ಮಾತ್ರ. ಇಲ್ಲಿ ವಾಸವಿದ್ದು, ಇಲ್ಲಿನ ಬ್ಯಾಂಕಿನಿಂದ ಹಣ ಕೊಟ್ಟು ಕೊಂಡವರು ಆಮೇಲೆ ಬೇರೆಡೆ ಹೋದರೆ ಅವರು ಯಾರ ಪಾಲನ್ನೂ ಕಬಳಿಸಿಲ್ಲ. ಪರಿಶೀಲನೆ ಕೊಳ್ಳುವಾಗ ಇರಲಿ, ಬಳಸುವಾಗ ಬೇಡ. ಚಂದಾ ನವೀಕರಣದ ಹೊತ್ತಿಗೆ ಹೊಸ ದೇಶದ ಬೆಲೆ ಕೇಳಲಿ. ಒಮ್ಮೆ ಕೊಂಡದ್ದನ್ನು ಮುಟ್ಟದಿರಲಿ. ಕಂಪನಿಗಳೂ ಎಲ್ಲೆ ಮೀರಿದ್ದಕ್ಕೆ ಪುರಾವೆ ಇದೆ. ಮಧ್ಯ ಮತ್ತು ಪೂರ್ವ ಯುರೋಪಿನಲ್ಲಿ ಅಗ್ಗವಾಗಿ ಕೊಂಡ ಆಟಗಳ ಕೀಗಳು ಒಕ್ಕೂಟದ ಬೇರೆ ದೇಶದಲ್ಲಿ ತೆರೆಯದಂತೆ ಮಾಡಿದ್ದಕ್ಕಾಗಿ 2021ರ ಜನವರಿಯಲ್ಲಿ ಯುರೋಪಿನ ಆಯೋಗ ಸ್ಟೀಮ್‌ನ ಮಾಲೀಕ ವಾಲ್ವ್ ಮತ್ತು ಐದು ಪ್ರಕಾಶಕರಿಗೆ ಒಟ್ಟು 78 ಲಕ್ಷ ಯೂರೊ ದಂಡ ವಿಧಿಸಿತು.

ಹೊರಗಿನವರ ಬೇಲಿಗಳನ್ನು ಕುರಿತು ಇಷ್ಟು ಮಾತಾಡಿದ ಮೇಲೆ ನಾವೇ ಕಟ್ಟಿದ ಬೇಲಿಯನ್ನು ಬಿಟ್ಟುಬಿಟ್ಟರೆ ನ್ಯಾಯವಾಗದು. ದಶಕಗಳ ಕಾಲ ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಿ ತೋರಿಸಲು ಇಲ್ಲಿ ಅವಕಾಶವಿರಲಿಲ್ಲ. ಯಾವ ಕಾನೂನೂ ಅದನ್ನು ನಿಷೇಧಿಸಿರಲಿಲ್ಲ. ಉದ್ಯಮದ ಸಂಘಗಳ ಕಟ್ಟಳೆ ಅದು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಅದನ್ನು ಸ್ಪರ್ಧೆಗೆ ವಿರುದ್ಧವೆಂದು ಸಾರಿತು; 2017ರಲ್ಲಿ ‘ಸತ್ಯದೇವ್ ಐಪಿಎಸ್’ ಡಬ್ ಆಗಿ ತೆರೆಗೆ ಬಂತು. ಆ ಕಟ್ಟಳೆಯನ್ನು ಕಟ್ಟಿದವರ ಉದ್ದೇಶ ಕನ್ನಡ ಕಲಾವಿದರ ಹೊಟ್ಟೆಪಾಡನ್ನು ಕಾಯುವುದಾಗಿತ್ತು, ಅದನ್ನು ನಾನು ಗೌರವಿಸುತ್ತೇನೆ. ಪರಿಣಾಮ ಮಾತ್ರ ಬೇರೆಯಾಯಿತು. ಜಗತ್ತಿನ ಒಳ್ಳೆಯ ಸಾಕ್ಷ್ಯಚಿತ್ರ, ಮಕ್ಕಳ ಚಿತ್ರಗಳನ್ನು ಕನ್ನಡದ ಮಗು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನೋಡಿ ಬೆಳೆಯಿತು. ಮಾರಾಟವನ್ನು ತಡೆದು ಭಾಷೆಯನ್ನು ಉಳಿಸುತ್ತೇವೆ ಎಂಬ ಲೆಕ್ಕ ನಮ್ಮ ಅನುಭವದಲ್ಲೇ ತಪ್ಪಿದೆ.

ಈ ಮಾತಿಗೆ ಈಗ ತುರ್ತು ಇದೆ. ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲಿ ‘ಸಿ ಸ್ಪೇಸ್’ ಎಂಬ ತನ್ನದೇ ಒಟಿಟಿಯನ್ನು ತೆರೆದು, ಒಂದು ಚಿತ್ರಕ್ಕೆ 75 ರೂಪಾಯಿಯಂತೆ, ನೋಡಿದ್ದಕ್ಕಷ್ಟೇ ಹಣ ಪಡೆಯುವ ಪದ್ಧತಿ ಇಟ್ಟಿತು. ಕರ್ನಾಟಕ ಸರ್ಕಾರವೂ 2025ರ ಮಾರ್ಚ್‌ನ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳಿಗಾಗಿ ಒಟಿಟಿ ರೂಪಿಸುವುದಾಗಿ ಹೇಳಿತು. ಸಾರ್ವಜನಿಕರ ಹಣದಲ್ಲಿ ಕಟ್ಟುವ ಆ ಅಂಗಡಿಯ ನಿಯಮಗಳನ್ನು ಬರೆಯುವ ಮೊದಲೇ ನಾವು ಕೇಳಬೇಕಾದ್ದಿದೆ. ಸರ್ಕಾರದ ಸಹಾಯಧನ ಪಡೆದ ಪ್ರತಿಯೊಂದು ಕನ್ನಡ ಚಿತ್ರ, ಅದರ ಹಕ್ಕು ಬೇರೆಯವರ ಬಳಿ ಚಾಲ್ತಿಯಲ್ಲಿಲ್ಲದ ಎಲ್ಲ ದೇಶಗಳಲ್ಲೂ, ಆ ಅಂಗಡಿಯಲ್ಲಿ ಸಿಗಲಿ. ಕಾಸರಗೋಡು, ಅಕ್ಕಲಕೋಟೆ, ಕೃಷ್ಣಗಿರಿಯ ಕನ್ನಡಿಗರಿಗೆ ಕರ್ನಾಟಕದವರ ಬೆಲೆಯೇ ಇರಲಿ. ಡಾಲರ್, ದಿರ್ಹಾಮ್ ಗಳಿಸುವವರಿಗೆ ಅವರ ಗಳಿಕೆಗೆ ತಕ್ಕ ಹೆಚ್ಚಿನ ಬೆಲೆ ಇಟ್ಟು ಆ ಹೆಚ್ಚಳ ನಿರ್ಮಾಪಕರ ಪಾಲಿಗೆ ಹೋಗಲಿ. ಕೊಳ್ಳುವ ಗುಂಡಿಯ ಪಕ್ಕದಲ್ಲೇ, ದೊಡ್ಡ ಅಕ್ಷರದ ಕನ್ನಡದಲ್ಲಿ, ಇದು ಯಾವ ದೇಶದ ಬೆಲೆ, ದೇಶ ಬದಲಿಸಿದರೆ ಏನಾಗುತ್ತದೆ ಎಂಬುದು ಬರೆದಿರಲಿ. ಇಲ್ಲಿ ಕೊಂಡ ಚಿತ್ರವನ್ನು ಎಲ್ಲಿ ಹೋದರೂ ನೋಡಬಹುದೆಂಬುದು ನಿಯಮದಲ್ಲೇ ಇರಲಿ. ಇಷ್ಟನ್ನು ಸರ್ಕಾರ ತನ್ನ ಅಂಗಡಿಯಲ್ಲಿ ಮಾಡಿ ತೋರಿಸಿದರೆ, ದೊಡ್ಡ ಕಂಪನಿಗಳ ಮುಂದೆ ಇದೇ ಬೇಡಿಕೆ ಇಡುವಾಗ ಅದಕ್ಕೆ ಬಲ ಬರುತ್ತದೆ. ಯೋಜನೆ ಇನ್ನೂ ಕಾಗದದ ಮೇಲಿರುವಾಗಲೇ ಚಲನಚಿತ್ರ ಅಕಾಡೆಮಿಗೆ, ವಾರ್ತಾ ಇಲಾಖೆಗೆ ಇಂಥ ಸಭೆಗಳಿಂದ ಬರಹದ ಮನವಿ ಹೋಗಬೇಕೆಂದು ಕೋರುತ್ತೇನೆ; ಸಂಘಟಕರು ಒಪ್ಪುವುದಾದರೆ ಅದರ ಮೊದಲ ಕರಡನ್ನು ಈ ಸಭೆಯೇ ಸಿದ್ಧಪಡಿಸಲಿ.